ಕೊಬ್ಬರಿ ಅಟ್ಟದ ತೀರ್ಪು

ಮೀನಾಕ್ಷಮ್ಮನವರು ಲಿಂಗೈಕ್ಯರಾದ ಸುದ್ದಿ ಬಂದ ಬೆಳಿಗ್ಗೆ ಸಿಂಧು ಹಿತ್ತಲಲ್ಲಿ ಕುಳಿತು, ಚೊಂಬಿನಿಂದ ತಣ್ಣೀರನ್ನು ಕತ್ತಿನ ಮೇಲೆ ಸುರಿದುಕೊಳ್ಳುತ್ತಿದ್ದಳು. ಮಾಗಿಯ ಚಳಿ. ಕಿಬ್ಬನಹಳ್ಳಿಯ ಆಚೆ ರಸ್ತೆಯೂ ಕಾಣದಂತೆ ಮಂಜು ಕವಿದಿತ್ತು. ಮಾವ ಏಕಾಂತಯ್ಯನವರು ಕಿವಿ ಮುಚ್ಚುವಂತೆ ಮಫ್ಲರು ಸುತ್ತಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತು, "ಶಿವಶಿವಾ, ನೋಡುದ್ರೇ ನಂಗೆ ನಡುಕ ಬತ್ತದೆ ಕಣಮ್ಮ" ಎಂದರು.

"ನಂಗೆ ಕೆಂಡ ಮೈಮೇಲೆ ಸುರ್ದಂಗೈತೆ ಮಾವ. ಬೇಕಾದ್ರೆ ಬನ್ನಿ, ಕೈ ಕಾಯಿಸ್ಕೊಳ್ಳಿ" ಎಂದಳು ಸಿಂಧು.

ಏಕಾಂತಯ್ಯನವರು ನಗುತ್ತಿದ್ದಾಗಲೇ ಒಳಗೆ ಫೋನು ಬಡಿದುಕೊಂಡಿತು. ಅದರ ಹಿಂದೆಯೇ ಅತ್ತೆ ಗುರುಸಿದ್ದಮ್ಮನ ಕೂಗು ಕೇಳಿಸಿತು. "ಅಯ್ಯೋ ನಮ್ಮಕ್ಕಾ, ಹೋಗ್ಬುಟ್ಯೇನೇ!"

ಮೀನಾಕ್ಷಮ್ಮ ಗುರುಸಿದ್ದಮ್ಮನ ಒಡಹುಟ್ಟಿದ ಅಕ್ಕ. ಕೆಂಕೆರೆಯಲ್ಲಿ ಮಗ ಶಿವಣ್ಣನ ಜೊತೆ ಇದ್ದರು. ಬೆಳಗಿನ ಲಿಂಗಪೂಜೆಗೆ ಕುಳಿತವರು ಕುಳಿತಂತೆಯೇ ಕಣ್ಣು ಮುಚ್ಚಿದರಂತೆ. ಅಂಥ ಸಾವು ಬೇಡಿದವರಿಗೆಲ್ಲ ಸಿಕ್ಕುವುದಿಲ್ಲ. ಆದರೆ ಉಳಿದವರ ಎದೆ ಆ ಮಾತನ್ನು ಅಷ್ಟು ಬೇಗ ಒಪ್ಪುವುದೂ ಇಲ್ಲ. ಸಿಂಧು ಒದ್ದೆ ಸೀರೆಯಲ್ಲೇ ಒಳಗೆ ಬಂದು ಅತ್ತೆಯ ಪಕ್ಕ ಕುಸಿದಳು.

ಅವಳಿಗೆ ಮೀನಾಕ್ಷಮ್ಮ ಬರಿಯ ಗಂಡನ ದೊಡ್ಡಮ್ಮನಾಗಿರಲಿಲ್ಲ.

ಸಿಂಧುವಿಗೆ ಕಾಲೇಜಿನ ದಿನಗಳಿಂದಲೂ ತಿಂಗಳು ತಿಂಗಳೂ ಹೊಟ್ಟೆ ಹಿಂಡಿ ನೆಲಕ್ಕೆ ಕೆಡವುವಂಥ ನೋವು. 'ಹೆಣ್ಣು ಜನ್ಮ ಅಂದ್ಮೇಲೆ ಇದ್ದದ್ದೇ' ಎಂದವರೇ ಎಲ್ಲರೂ. ಮದುವೆಯಾದ ಮೇಲೆ ಗಂಡ ಯೋಗೀಶ ಹಟ ಹಿಡಿದು ತುಮಕೂರಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ನೋವಿಗೊಂದು ಹೆಸರು ಸಿಕ್ಕಿತು, ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಗೆ ಇರಬೇಕಾದ ಪದರದಂಥದ್ದು ಹೊರಗೆಲ್ಲ ಬೆಳೆದುಕೊಂಡು, ತಿಂಗಳು ತಿಂಗಳೂ ಅಲ್ಲೇ ಕೆರಳಿ ನೋಯಿಸುತ್ತದೆ. ಅದು ಅಡಗಬೇಕಾದರೆ ಕೆಲವು ತಿಂಗಳು ಮುಟ್ಟನ್ನೇ ನಿಲ್ಲಿಸಬೇಕು. ಅದಕ್ಕೆ ತಿಂಗಳಿಗೊಂದು ಹಾರ್ಮೋನು ಇಂಜೆಕ್ಷನ್. "ಸ್ವಲ್ಪ ದಿನ ಐವತ್ತು ದಾಟಿದೋರ ಹಾಗೆ ಇರ್ತೀಯಮ್ಮ. ನಿಲ್ಲಿಸಿದ ಮೇಲೆ ಮತ್ತೆ ಮೊದಲಿನಂತಾಗ್ತೀಯ" ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು.

ನೋವು ಹೋಯಿತು. ಅದು ಖಾಲಿ ಮಾಡಿದ ಜಾಗಕ್ಕೆ ಬೇರೆ ಬಾಡಿಗೆದಾರರು ಬಂದರು. ಎದೆಯಿಂದ ಕಿವಿಯವರೆಗೆ ಇದ್ದಕ್ಕಿದ್ದಂತೆ ಏರುವ ಉರಿ, ಏಳುವಾಗ ಹಿಡಿದುಕೊಳ್ಳುವ ಮಂಡಿ, ಕೈಯಲ್ಲೇ ಸೌಟು ಹಿಡಿದು ಮನೆಯೆಲ್ಲ ಸೌಟು ಹುಡುಕುವ ಮರೆವು. ಟೀವಿಯಲ್ಲಿ ಸೋಪಿನ ಜಾಹೀರಾತು ಬಂದರೂ ಅಳು. ಮೈ ಬೇರೆ ತುಂಬಿಕೊಂಡಿತು. ಮನೆಯವರೆಲ್ಲ ಅವಳನ್ನು ಒಡೆದ ಗಾಜಿನಂತೆ ನೋಡುತ್ತಿದ್ದರು. ಕನಿಕರ ಒಳ್ಳೆಯದೇ, ಆದರೆ ಮೂರು ಹೊತ್ತೂ ಅದನ್ನೇ ಬಡಿಸಿದರೆ ಯಾರಿಗೆ ಇಳಿಯುತ್ತದೆ?

ಮೀನಾಕ್ಷಮ್ಮ ಮಾತ್ರ ನಕ್ಕುಬಿಟ್ಟಿದ್ದರು. ಕೆಂಕೆರೆಯಲ್ಲಿ ಒಮ್ಮೆ ಮುದ್ದೆ ತೊಳಸುತ್ತಿದ್ದ ಸಿಂಧು ಕೋಲು ಬಿಸಾಕಿ ಅಂಗಳಕ್ಕೆ ಓಡಿ, ಹಸುವಿಗೆಂದು ಇಟ್ಟ ಬಕೆಟ್ಟಿನ ನೀರನ್ನು ತಲೆಗೆ ಹೊಯ್ದುಕೊಂಡಾಗ ಅವರು ಜಗಲಿಯ ಕಂಬ ಹಿಡಿದು ನಕ್ಕಿದ್ದರು. "ಬಾರೇ, ಬಾ ನಮ್ ಗುಂಪಿಗೆ! ನಂಗೆ ಮುಟ್ಟು ನಿಂತಾಗ ಹಿಂಗೇ ಹಸುನ ಬಾಯಾರಿಸಿ ನಾನು ಸ್ನಾನ ಮಾಡಿವ್ನಿ. ಮೂವತ್ತಕ್ಕೇ ಮುದ್ಕಿ ಆಗಿದೀಯಾ, ಮತ್ತೆ ಹುಡ್ಗೀನೂ ಆಯ್ತೀಯಾ. ನಮ್ಗೆ ಆ ಯೋಗ ಎಲ್ಲೈತೆ ಹೇಳು!" ಅಂದಿನಿಂದ ಸಂಜೆ ಸಂಜೆಗೆ ಫೋನು ಬರುತ್ತಿತ್ತು. "ಏನವ್ವಾ, ಇವತ್ತು ಒಲೆ ಹೆಂಗುರೀತು?" ಎಂದು ಕೇಳುವರು. ಅವಳು ವರದಿ ಒಪ್ಪಿಸುವಳು. ನಕ್ಕು ನಕ್ಕು ಇಬ್ಬರಿಗೂ ಕಣ್ಣೀರು ಬರುತ್ತಿತ್ತು.

ಆ ಮುಖವನ್ನು ಮಣ್ಣಿಗಿಡುವ ಮುನ್ನ ಒಮ್ಮೆ ನೋಡಬೇಕು. ಸಿಂಧುವಿಗೆ ಆ ದಿನ ಬೇರೇನೂ ಬೇಕಿರಲಿಲ್ಲ. ಆದರೆ ಕಾರು ಹತ್ತುವಾಗ ಗುರುಸಿದ್ದಮ್ಮ ಸೊಸೆಯ ಮುಖ ನೋಡದೆ ಹೇಳಿದರು, "ನೀನು ಮನೇಲೇ ಇದ್ದಿದ್ರೆ ಚೆಂದಾಗಿತ್ತು ಕಣಮ್ಮ. ಆ ರಾಧಾಮಣಿ ಒಳಕ್ ಬುಡಲ್ಲ ಅಂತಾಳೆ."

ಅದಕ್ಕೂ ಕಾರಣವಿತ್ತು. ತೆಂಗಿನ ಸೀಮೆಯಲ್ಲಿ ಕಾಯಿಗಳು ಅಟ್ಟದ ಮೇಲೆ ವರ್ಷದುದ್ದ ಕೂತು ಕೊಬ್ಬರಿಯಾಗುತ್ತವೆ. ಆ ಅಟ್ಟದ ವಾಸನೆ ಹುಟ್ಟಿದಾಗಿನಿಂದ ಎಲ್ಲರ ಮೂಗಿಗೂ ಒಗ್ಗಿದ್ದು. ಅದಕ್ಕೆ ಮುಖ ತಿರುಗಿಸಿದ ಸೊಸೆ ಬಸುರಿಯೇ ಸರಿ ಎಂಬುದು ಅಲ್ಲಿಯ ಹೆಂಗಸರ ತೀರ್ಪು. ಅದರ ಮೇಲೆ ಯಾವ ಕೋರ್ಟಿಗೂ ಹೋಗುವಂತಿಲ್ಲ. ಕಾರ್ತೀಕದಲ್ಲಿ ಮೀನಾಕ್ಷಮ್ಮನ ಪಕ್ಕದ ಮನೆಯ ರಾಧಾಮಣಿ ಅರಿಶಿನ ಕುಂಕುಮಕ್ಕೆ ಕರೆದಿದ್ದಳು. ಅವಳ ಮನೆಯ ಅಟ್ಟದ ಕೆಳಗೆ ಕುಳಿತಿದ್ದ ಸಿಂಧು ಉರಿ ಏರಿದ್ದೇ ಸೆರಗಿನಿಂದ ಮುಖ ಮುಚ್ಚಿಕೊಂಡು ಹೊರಗೆ ಓಡಿದಳು. ಅಷ್ಟೇ ಸಾಕಾಯಿತು. ಮೀನಾಕ್ಷಮ್ಮ ಎಷ್ಟು 'ಇಲ್ಲ' ಎಂದರೂ, 'ದೃಷ್ಟಿಯಾಗುತ್ತೆ ಅಂತ ಮುಚ್ಚಿಡ್ತಾರೆ' ಎಂದು ರಾಧಾಮಣಿ ಇನ್ನೂ ಗಟ್ಟಿಯಾಗಿ ನಂಬಿದಳು. ಫೋನಿನಲ್ಲಿ ಗುರುಸಿದ್ದಮ್ಮನನ್ನೇ ಕೇಳಿದಾಗ ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. "ಎಲ್ಲಾ ಶಿವನ ಚಿತ್ತ ಕಣವ್ವ" ಎಂದು ನಕ್ಕು ಸುಮ್ಮನಾದರು.

"ನಾನು ಬತ್ತೀನಿ ಅತ್ತೆ" ಎಂದು ಸಿಂಧು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಳು. ಚಿಕ್ಕನಾಯಕನಹಳ್ಳಿ ದಾಟುವವರೆಗೂ ಚಳಿಗಾಳಿ ಬೀಸುತ್ತಿತ್ತು. ಕಿಟಕಿ ತೆಗೆದದ್ದು ಅವಳೊಬ್ಬಳೇ.

ಕೆಂಕೆರೆಯ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಒಳಗೆ ಭಜನೆ ನಡೆದಿತ್ತು. ಯೋಗೀಶ ಸಮಾಧಿಯ ಗುಣಿ ತೆಗೆಯುವ ಕೆಲಸ ನೋಡಲು ನೇರವಾಗಿ ತೋಟಕ್ಕೆ ಹೋದ. ಗುರುಸಿದ್ದಮ್ಮನೂ ಏಕಾಂತಯ್ಯನವರೂ ಒಳಗೆ ಹೋದರು. ಅವರ ಹಿಂದೆಯೇ ಹೊಸ್ತಿಲು ದಾಟಲು ಹೊರಟ ಸಿಂಧುವಿಗೆ ರಾಧಾಮಣಿ ಎರಡೂ ಕೈ ಚಾಚಿ ಅಡ್ಡ ನಿಂತಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು.

"ಬೇಡ ಕಣವ್ವ, ನನ್ ತಾಯಿ. ತುಂಬಿದ್ ಹೊಟ್ಟೇಲಿ ಹೆಣ ನೋಡ್ಬಾರ್ದು. ಬದುಕಿದ್ರೆ ನಿಮ್ ದೊಡ್ಡಮ್ಮನೇ ಬುಡ್ತಿರ್ಲಿಲ್ಲ."

"ಅಕ್ಕಾ, ಅದು ಹಂಗಲ್ಲ..."

"ಏನೂ ಮಾತಾಡ್ಬೇಡ. ಲೇ ಹನುಮಂತರಾಜು, ಎದ್ದೇಳಲಾ, ಕುರ್ಚಿ ಬುಡು ಬಸುರಿಗೆ!"

ಹೊರಗೆ ಬಿಸಿಲಿಗೆ ಮೈ ಕಾಯಿಸುತ್ತ ಕುಳಿತಿದ್ದ ಹನುಮಂತರಾಜು ಗಾಬರಿಯಾಗಿ ಎದ್ದ. ಸಿಂಧುವನ್ನು ಕುರ್ಚಿಯಲ್ಲಿ ಕೂರಿಸಿದರು. ಯಾರೋ ಎಳನೀರು ಕೆತ್ತಿ ಕೈಗಿಟ್ಟರು. ಇನ್ನೊಬ್ಬರು ಕಾಲ ಕೆಳಗೆ ಮಣೆ ತಂದಿಟ್ಟರು. ಅಂಥ ಉಪಚಾರ ಅವಳಿಗೆ ಮದುವೆಯಲ್ಲೂ ಆಗಿರಲಿಲ್ಲ. ಅಷ್ಟು ಪ್ರೀತಿಯನ್ನು ಬೈಯುವುದು ಹೇಗೆ? ಅವಳು ಎಳನೀರು ಕುಡಿದಳು. ಬಾಗಿಲ ಸಂದಿಯಿಂದ ಊದುಬತ್ತಿಯ ಹೊಗೆ ಮಾತ್ರ ಕಾಣುತ್ತಿತ್ತು.

ಆಗ ಸಮಾಧಿಯ ವಿಧಿ ನಡೆಸುವ ಅಯ್ಯನವರು ಬಂದರು. "ಇನ್ನು ತಡ ಮಾಡೋದು ಬೇಡ, ಎತ್ತೋಣ" ಎಂಬ ಮಾತು ಒಳಗಿನಿಂದ ಕೇಳಿಸಿತು. ಅದೇ ಹೊತ್ತಿಗೆ ಸಿಂಧುವಿಗೆ ಉರಿಯೂ ಏರಿತು. ಕಿವಿ ಕೆಂಪಾಗಿ, ಹಣೆಯಿಂದ ಬೆವರು ಧಾರೆಯಾಗಿ ಇಳಿಯಿತು. ಬಾಗಿಲಲ್ಲಿ ಗುರುಸಿದ್ದಮ್ಮ ಕಾಣಿಸಿಕೊಂಡರು. ಸಿಂಧು ಅವರನ್ನೇ ನೋಡಿದಳು. ಅವರು ತಲೆ ತಗ್ಗಿಸಿದರು.

ಸಿಂಧು ಎದ್ದು ನಿಂತಳು.

"ರಾಧಾಮಣಕ್ಕಾ, ನಾನು ಬಸುರಿ ಅಲ್ಲ."

ತಾಳದವರು ಒಂದು ಪದ ಮುಗಿಸಿ ಇನ್ನೊಂದು ಎತ್ತಿಕೊಳ್ಳುವ ಸಂದು ಅದು. ಮಾತು ಇಡೀ ಮನೆಗೆ ಕೇಳಿಸಿತು.

"ಬಿಡ್ತು ಅನ್ನು! ಎಂಥಾ ಮಾತಾಡ್ತೀಯೇ!" ರಾಧಾಮಣಿ ಕೆನ್ನೆ ಬಡಿದುಕೊಂಡಳು. "ನಮ್ಮಟ್ಟದ ಕೆಳಗಿಂದ ಓಡ್ಹೋಗಿದ್ದು ನಾನೇ ಕಣ್ಣಾರೆ ಕಂಡಿವ್ನಿ."

"ವಾಸನೆಗಲ್ಲ ಅಕ್ಕ, ಸೆಖೆಗೆ. ನೋಡು ಈಗ, ಹಿಂಗೆ." ಸಿಂಧು ಅವಳ ಅಂಗೈ ಹಿಡಿದು ತನ್ನ ಕತ್ತಿನ ಮೇಲೆ ಇಟ್ಟುಕೊಂಡಳು. ರಾಧಾಮಣಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಅಯ್ಯಪ್ಪಾ, ಕಾದ ಹೆಂಚು! ಮತ್ತೆ ತಿಂಗ್ಳು ನಿಂತಿಲ್ವೇನೇ?"

"ನಿಂತಿಲ್ಲ, ನಿಲ್ಲಿಸವ್ರೆ. ಹೊಟ್ಟೇಲಿ ಕಾಯಿಲೆ ಐತೆ, ಅದಕ್ಕೆ ಇಂಜೆಕ್ಷನ್ ಕೊಡ್ತಾವ್ರೆ. ನಿಮ್ಗೆಲ್ಲಾ ಐವತ್ತಕ್ಕೆ ಬಂದಿದ್ದು ನಂಗೆ ಈಗ್ಲೇ ಬಂದೈತೆ. ದೊಡ್ಡಮ್ಮಂಗೆ ಎಲ್ಲಾ ಗೊತ್ತಿತ್ತು."

"ಹಂಗಾರೆ ಇಷ್ಟ್ ದಪ್ಪ ಆಗಿರೋದು?"

"ಅರ್ಧ ಇಂಜೆಕ್ಷನ್ದು. ಇನ್ನರ್ಧ ನಮ್ಮತ್ತೆ ಕೈ ಒಬ್ಬಟ್ಟಿಂದು."

ಹನುಮಂತರಾಜುವಿಗೆ ತಡೆಯಲಾಗಲಿಲ್ಲ, ಟವಲ್ಲು ಬಾಯಿಗೆ ತುರುಕಿಕೊಂಡ. ಶಾಮಿಯಾನದ ಕೆಳಗೆ ಒಬ್ಬೊಬ್ಬರಾಗಿ ನಕ್ಕರು, ನಕ್ಕು ನಾಚಿಕೊಂಡರು. ಗುರುಸಿದ್ದಮ್ಮ ಸರಸರನೆ ಇಳಿದು ಬಂದು ಸೊಸೆಯ ಕೈ ಹಿಡಿದರು. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದರು.

"ನನ್ ಸೊಸೆ ಹೇಳಿದ್ದೇ ನಿಜ ಕಣ್ರವ್ವಾ. ಅವ್ಳು ಬಸುರಿ ಅಲ್ಲ. ಕೇಳ್ದಾಗ್ಲೇ ನಾನು ಅಲ್ಲ ಅನ್ಬೇಕಾಗಿತ್ತು. ಆ ಮಾತು ಕಿವಿಗೆ ತಂಪಾಗಿತ್ತು, ಸುಮ್ಕಿದ್ಬುಟ್ಟೆ. ಆದಾಗ ಊರಿಗೆಲ್ಲಾ ನಾನೇ ಸಕ್ಕರೆ ಹಂಚ್ತೀನಿ. ಈಗ ದಾರಿ ಬುಡಿ, ನಮ್ಮಕ್ಕನ್ ಮಖ ನೋಡ್ಲಿ."

ರಾಧಾಮಣಿ ಪಕ್ಕಕ್ಕೆ ಸರಿದಳು.

ನಡುಮನೆಯಲ್ಲಿ ಮೀನಾಕ್ಷಮ್ಮನವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಸೇವಂತಿಗೆಯ ಹಾರ. ತುಟಿಯ ಒಂದು ಕೊನೆ ಈಗಲೋ ಆಗಲೋ ನಕ್ಕುಬಿಡುವಂತೆ ಮೇಲೆದ್ದಿತ್ತು. ಸಿಂಧು ಮುಂದೆ ಕುಳಿತಳು. ಬೆವರೂ ಕಣ್ಣೀರೂ ಕೂಡಿ ಗಲ್ಲದಿಂದ ತೊಟ್ಟಿಕ್ಕಿದವು. ಮುಟ್ಟಿದಾಗ ಆ ಪಾದಗಳು ತಣ್ಣಗಿದ್ದವು. "ದೊಡ್ಡಮ್ಮಾ, ಹೇಳ್ಬುಟ್ಟೆ ಕಣ್ರೀ, ಎಲ್ರಿಗೂ ಹೇಳ್ಬುಟ್ಟೆ" ಎಂದು ಪಿಸುಗುಟ್ಟಿದಳು. ಕಣ್ತುಂಬ ನೋಡಿದಳು. ಯಾರೂ ಅವಸರ ಮಾಡಲಿಲ್ಲ, ಅಯ್ಯನವರೂ ಕಾದರು.

ಸ್ವಲ್ಪ ಹೊತ್ತಿಗೆ ಬೆನ್ನಿಗೆ ಗಾಳಿ ಬೀಸಿತು. ತಿರುಗಿದರೆ ರಾಧಾಮಣಿ ಬೀಸಣಿಗೆ ಹಿಡಿದು ಕುಳಿತಿದ್ದಳು. "ನಂಗೂ ಎರಡು ವರ್ಷದಿಂದ ಹಿಂಗೇ ಉರೀತದೆ ಕಣೇ" ಎಂದು ಕಿವಿಯಲ್ಲಿ ಹೇಳಿದಳು. "ಯಾರ್ಗೂ ಹೇಳಿರ್ಲಿಲ್ಲ. ಮೆಂತ್ಯದ್ ನೀರು ಕುಡೀಬೇಕಂತೆ, ಹೌದಾ?"

"ಆಮೇಲ್ ಹೇಳ್ತೀನಿ ಬುಡಕ್ಕ" ಎಂದಳು ಸಿಂಧು, ಅಳುವಿನ ನಡುವೆಯೇ ನಗು ಬಂದು.

ತೋಟದಲ್ಲಿ ಮೀನಾಕ್ಷಮ್ಮನ ಗಂಡನ ಸಮಾಧಿಯ ಪಕ್ಕದಲ್ಲೇ ಗುಣಿ ತೆಗೆದಿದ್ದರು. ಅಯ್ಯನವರು ಮಂತ್ರ ಹೇಳಿ, ವಿಭೂತಿ ಚೆಲ್ಲಿ ಒಳಗೆ ಕೂರಿಸಿದರು. ಶಿವಣ್ಣ ಮೊದಲ ಹಿಡಿ ಮಣ್ಣು ಹಾಕಿದ. ಹೆಂಗಸರು ಒಬ್ಬೊಬ್ಬರಾಗಿ ಬಿಲ್ವಪತ್ರೆ ಹಾಕಿದರು. ಸರದಿಯಲ್ಲಿ ನಿಂತಾಗ ಗುರುಸಿದ್ದಮ್ಮ ಸೊಸೆಯ ಕಡೆ ತಿರುಗಿ, "ಮುಂದಿನ್ ಇಂಜೆಕ್ಷನ್‌ಗೆ ನಾನೂ ಬತ್ತೀನಿ. ಆ ಡಾಕ್ಟ್ರಮ್ಮ ಏನೇಳ್ತಾರೋ ನಾನೂ ಕೇಳ್ಬೇಕು" ಎಂದರು. ಸಿಂಧು ಅವರ ಭುಜಕ್ಕೆ ತಲೆ ತಾಗಿಸಿದಳು.

ಕೊನೆಯ ಪತ್ರೆ ಅವಳದು. ಅದನ್ನು ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಯಾರಿಗೂ ಕೇಳಿಸದಂತೆ ಬೇಡಿಕೊಂಡಳು:

"ಶಿವನೇ, ನಮ್ಮ ಮೀನಾಕ್ಷಮ್ಮ ನಿನ್ನ ಪಾದಕ್ಕೆ ಬಂದಿದಾರೆ. ದುಡಿದ ಜೀವ, ಯಾರನ್ನೂ ನೋಯಿಸದ ಜೀವ. ಬಾಗಿಲಲ್ಲಿ ಕಾಯಿಸಬೇಡ, ಒಳಗೆ ಕರ್ಕೋ. ದಣಿವು ಮರೆಸು. ಅವರಿಗೆ ಶಾಂತಿ ಕೊಡಪ್ಪಾ, ತಂದೆ."