ನೀರಿನ ಹದ

ಬಚ್ಚಲಿನ ಮಣೆಯ ಮೇಲೆ ಕೂತು ಚಾಚಿದ ಎರಡು ಕಾಲುಗಳು, ಅವುಗಳ ನಡುವಿನ ತಗ್ಗಿನಲ್ಲಿ ಬೋರಲಾಗಿ ಮಲಗಿದ ನನ್ನ ಮಗು, ಸುತ್ತಲೂ ಹಂಡೆಯ ಹಬೆ. ಬಾಣಂತಿ ಕೋಣೆಯ ಬಾಗಿಲಿಂದ ನನಗೆ ಕಾಣುತ್ತಿದ್ದುದು ಅಷ್ಟೇ.

ಆ ಕಾಲುಗಳು ತುಂಗತ್ತೆಯವು. ನನ್ನ ಗಂಡನ ಸೋದರತ್ತೆ. ನನಗೆ ತಾಯಿ ಇಲ್ಲವೆಂದು ಬಾಣಂತನಕ್ಕೆ ತಾವಾಗಿ ಬಂದಿದ್ದರು. ಗಂಡನ ಮನೆಯ ಮಕ್ಕಳೆಲ್ಲ ಅವರ ಕಾಲ ಮೇಲೆ ಮಿಂದವರೇ, ನನ್ನ ಗಂಡನೂ. ಮಗುವನ್ನು ಮಲಗಿಸುವ ಮೊದಲು ಒಂದು ಚೊಂಬು ನೀರನ್ನು ತಮ್ಮ ಕಾಲಿಗೆ ಸುರಿದುಕೊಂಡು ಹದ ನೋಡುವುದು ಅವರ ಕ್ರಮ.

"ಒಲೆ ಮುಂದೆ ಬೆಂದ ಕೈ ಸುಳ್ಳು ಹೇಳತ್ತೆ ಕಣೇ. ಕಾಲು ಹೇಳಲ್ಲ," ಅನ್ನುತ್ತಿದ್ದರು.

ಅತ್ತೆಗೆ ಬಹಳ ಕಾಲದಿಂದ ಸಕ್ಕರೆ ಕಾಯಿಲೆ. "ನನ್ನ ಮೈಯೇ ಬೆಲ್ಲದಚ್ಚು, ಇರುವೆ ಮುತ್ತದಿದ್ರೆ ಸಾಕು," ಎಂದು ನಗುತ್ತಲೇ ಮಾತ್ರೆ ನುಂಗುತ್ತಿದ್ದರು. ಅವರ ಕಾಲಿನ ಚರ್ಮ ಒಣಗಿ ಬಿರಿದಿತ್ತು, ಮೊಣಕಾಲ ಕೆಳಗೆ ಕಂದು ಮಚ್ಚೆಗಳಿದ್ದವು. ವಯಸ್ಸಿನದೆಂದು ಯಾರೂ ವಿಚಾರಿಸಲಿಲ್ಲ.

ಕೆಲವು ದಿನಗಳಿಂದ ಸ್ನಾನದ ಹೊತ್ತಿನ ಅಳು ಬದಲಾಗಿತ್ತು. ಹಸಿವಿನ ಅಳು, ನಿದ್ದೆಯ ಅಳು ನನಗೆ ತಿಳಿಯುತ್ತಿದ್ದವು. ಇದು ಬೇರೆ. ಉಸಿರು ಕಟ್ಟಿ, ಒಮ್ಮೆಲೇ ಕೀರಲಾಗುತ್ತಿತ್ತು. ಒರೆಸಿ ತಂದುಕೊಟ್ಟಾಗ ಮಗುವಿನ ಬೆನ್ನು ದಾಸವಾಳದಂತೆ ಕೆಂಪು.

"ಬಿಸಿ ಜಾಸ್ತಿ ಆಯ್ತೇನೋ ಅತ್ತೆ."

"ನಿನ್ನ ಗಂಡನೂ ಹೀಗೇ ಕಿರುಚೋನು, ಬೀದಿಯೋರೆಲ್ಲ ಓಡಿ ಬರೋರು. ಬದುಕಿಲ್ವಾ ಅವನು?"

ಆದರೂ ಹಂಡೆಯೊಲೆಗೆ ಸೌದೆ ತುರುಕುವ ಸದ್ದಾದರೆ ಎದ್ದು ಬಾಗಿಲಿಗೆ ಬರುತ್ತಿದ್ದೆ.

ಒಂದು ಬೆಳಿಗ್ಗೆ ಎಣ್ಣೆ ಹಚ್ಚಿದ ಮಗುವನ್ನು ಕೊಡಲು ಬಚ್ಚಲ ಹೊಸ್ತಿಲವರೆಗೆ ಹೋದೆ. ಅತ್ತೆ ಸೀರೆಯನ್ನು ಎತ್ತಿ ಕಟ್ಟಿದ್ದರು. ಮೊಣಕಾಲ ಕೆಳಗೆ ನಿಂಬೆಹಣ್ಣಿನಷ್ಟು ದೊಡ್ಡ ಬೊಬ್ಬೆ. ಪಕ್ಕದಲ್ಲಿ ಒಡೆದ ಇನ್ನೊಂದು.

"ಇದೇನತ್ತೆ! ಉರಿಯಲ್ವಾ?"

ಅವರು ಬಗ್ಗಿ ನೋಡಿದರು. ಅದನ್ನು ಆಗಲೇ ಮೊದಲು ಕಂಡರೆಂದು ಮುಖವೇ ಹೇಳಿತು. "ಯಾವಾಗಾಯ್ತೋ... ಗೊತ್ತೇ ಆಗ್ಲಿಲ್ವಲ್ಲೇ," ಎನ್ನುತ್ತ ಬೊಬ್ಬೆಯನ್ನು ಬೆರಳಿಂದ ಒತ್ತಿದರು, ಬೇರೆ ಯಾರದೋ ಕಾಲೆಂಬಂತೆ. ಆಮೇಲೆ ಎಂದಿನಂತೆ ಕೂತು, ಚೊಂಬು ನೀರು ಸುರಿದುಕೊಂಡು ಕೈ ಚಾಚಿದರು. "ಹದವಾಗಿದೆ, ಕೊಡು ಪಾಪೂನ."

ನೀರು ಹರಿದಲ್ಲೆಲ್ಲ ಅವರ ಚರ್ಮ ಕೆಂಪೇರುತ್ತಿತ್ತು.

ಮಗುವನ್ನು ಎದೆಗವಚಿಕೊಂಡು ಒಳಗೆ ನುಗ್ಗಿ, ನೀರು ಬೆರೆಸಿಟ್ಟ ಬಕೆಟ್ಟಿಗೆ ಬೆರಳಿಟ್ಟೆ. ಚುರ್ರೆಂದಿತು, ಕೂಗಿ ಕೈ ಹಿಂತೆಗೆದೆ.

ಅತ್ತೆ ನನ್ನ ಬೆರಳನ್ನು ನೋಡಿದರು, ತಮ್ಮ ಕಾಲನ್ನು ನೋಡಿದರು. "ಹಾಗಾದ್ರೆ ಪಾಪು ಇಷ್ಟು ದಿನ ಕಿರುಚಿದ್ದು..."

ಕಾಯಿಲೆಯಿಂದ ಕಾಲಿನ ನರಗಳು ಮಂಕಾಗಿವೆ, ಬಿಸಿ ತಿಳಿಯುತ್ತಿಲ್ಲ ಎಂದರು ಡಾಕ್ಟರು. ಇಂಥ ಗಾಯ ಸುಲಭಕ್ಕೆ ಮಾಯುವುದಿಲ್ಲ, ಕೀವಾಗಿ ಒಳಗಿಳಿದರೆ ಕಾಲೇ ಹೋಗಬಹುದು. ಮಗುವಿಗೆ ಬೊಗಸೆಯಲ್ಲಿ ಸ್ವಲ್ಪಸ್ವಲ್ಪವೇ ಹುಯ್ದಿದ್ದರಿಂದ ಬೊಬ್ಬೆ ಎದ್ದಿರಲಿಲ್ಲ, ಅದರ ಬೆನ್ನು ಬೇಗ ತಿಳಿಯಾಯಿತು. ಅತ್ತೆಯ ಗಾಯ ಮಾಯಲಿಲ್ಲ. ದಿನವೂ ಪಟ್ಟಿ ಬಿಚ್ಚುವಾಗ, ಅಂಚು ಕಪ್ಪಾಗಿದೆಯೋ ಎಂದು ಬಗ್ಗಿ ನೋಡುತ್ತಿದ್ದೆ. ಅವರು ಗೋಡೆಯ ಕಡೆ ಮುಖ ಮಾಡಿರುತ್ತಿದ್ದರು. ಮಗುವನ್ನು ಮುಟ್ಟುತ್ತಲೂ ಇರಲಿಲ್ಲ.

"ದೂರ ಇಟ್ಕೋ ತಾಯಿ. ನನ್ನ ಮೈ ಮೇಲೆ ನನಗೇ ನಂಬಿಕೆ ಇಲ್ಲ."

ಅಂತೂ ಗಾಯ ಮಾಯುವ ಹೊತ್ತಿಗೆ ಮಗು ತಾನಾಗಿ ಮಗುಚಿಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ನಾನೇ ನೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಅತ್ತೆಯನ್ನು ಕೈಹಿಡಿದು ಮಣೆಯ ಮೇಲೆ ಕೂರಿಸಿದೆ.

"ಬೇಡ್ವೇ," ಎಂದರು. ಎನ್ನುತ್ತಲೇ ಕಾಲು ಚಾಚಿದರು.

ಹೊಸದಾಗಿ ಬಂದ ತೆಳು ಚರ್ಮಕ್ಕೆ ತಾಗದಂತೆ ಮಗುವನ್ನು ಮಲಗಿಸಿ ಚೊಂಬೆತ್ತಿದೆ. ಅತ್ತೆ ನೀರನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು.

"ಹದವಾ?"

"ಹದ, ಅತ್ತೆ."

ಮಗುವಿನ ಬೆನ್ನು ಮುಚ್ಚಿದ್ದ ಕೈಯನ್ನು ಅವರು ತೆಗೆಯಲಿಲ್ಲ. ನಾನು ಚೊಂಬನ್ನು ಕೆಳಗಿಟ್ಟು, ಇನ್ನೊಮ್ಮೆ ಮೊಣಕೈಯನ್ನು ನೀರಿಗೆ ಅದ್ದಿದೆ.