ಪುಟ್ಟಸಿದ್ದಮ್ಮನ ಮೊಳ ಅಳೆದ ಕೋಲು

ನಾನು ಒಂದು ಮೀಟರ್ ಕೋಲು. ಬೆಂಕಿಯಲ್ಲಿ ಕಾದು, ಸುತ್ತಿಗೆಯಿಂದ ಹೊಡೆಸಿಕೊಂಡು ನೆಟ್ಟಗಾದ ಕಬ್ಬಿಣ. ಮೈತುಂಬ ಸೆಂಟಿಮೀಟರಿನ ಗೀರು, ತುದಿಯಲ್ಲಿ ಸರ್ಕಾರದ ಮುದ್ರೆ. ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಅರಸೀಕೆರೆಯ ವಾಸವಯ್ಯ ಶೆಟ್ಟರ ಬಟ್ಟೆ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದೆ. ಆಮೇಲೆ ಜನ ಹೊಲಿಸುವುದು ಬಿಟ್ಟು ರೆಡಿಮೇಡ್ ಹಾಕತೊಡಗಿದರು. ಕೆಲಸವಿಲ್ಲದೆ ಮೂಲೆ ಸೇರಿದ್ದ ನನ್ನನ್ನು ಶೆಟ್ಟರು ಪಿಯು ಕಾಲೇಜಿನ ಅರ್ಥಶಾಸ್ತ್ರದ ಅನಸೂಯಾ ಮೇಡಂಗೆ ಕೊಟ್ಟುಬಿಟ್ಟರು.

ಮೇಡಂ ಮೊದಲ ದಿನವೇ ನನ್ನನ್ನು ಎತ್ತಿ ಹಿಡಿದು, "ಈ ಕೋಲಿಗೆ ಯಾಕೆ ಕೆಲಸ ಹೋಯ್ತು, ಹೇಳಿ" ಎಂದು ಪಾಠ ಶುರು ಮಾಡಿದರು. ನನಗೆ ಅವಮಾನವೇ ಆಯಿತು. ಅವರ ಪಾಠವೇ ಹಾಗೆ. ಬೆಳಿಗ್ಗೆ ಪೇಪರ್ ಓದಿಸುವುದು, ಸಂಜೆ ಮಕ್ಕಳನ್ನು ಮಾರ್ಕೆಟ್ಟಿಗೆ ಅಟ್ಟುವುದು.

ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ದಿನವಿತ್ತು. "ಹೂವಿನ ಬೆಲೆ ಏರಿದೆ ಅಂತ ಪೇಪರಲ್ಲಿದೆ. ನೀವೇ ನೋಡ್ಕೊಂಡು ಬನ್ನಿ" ಎಂದರು. ತನುಜಾ ಎಂಬ ಹುಡುಗಿ ನನ್ನನ್ನು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಪುಟ್ಟಸಿದ್ದಮ್ಮನ ಹತ್ತಿರ ಹೋದಳು. ಮೊಳಕ್ಕೆ ಇಪ್ಪತ್ತು ರೂಪಾಯಿ, ಎಂದಿನ ಬೆಲೆಯೇ. ಆದರೆ ಮೊಣಕೈಯಿಂದ ಅಳೆಯುತ್ತ ಬಂದ ಪುಟ್ಟಸಿದ್ದಮ್ಮ ಬೆರಳ ತುದಿ ಮುಟ್ಟುವ ಮೊದಲೇ ದಾರ ಕತ್ತರಿಸಿದಳು. ತನುಜಾ ಆ ಹೂವನ್ನು ನನ್ನ ಪಕ್ಕ ಮಲಗಿಸಿದಳು. ನಲವತ್ತೈದು ಸೆಂಟಿಮೀಟರ್ ಇರಬೇಕಾದ ಮೊಳ ಮೂವತ್ತೊಂದೇ ಇತ್ತು. ಫೋಟೊ ತೆಗೆದು, 'ಬಸ್‌ಸ್ಟ್ಯಾಂಡ್ ಹೂವಮ್ಮನ ಮೋಸ' ಎಂದು ಬರೆದು ವಾಟ್ಸಾಪಿಗೆ ಹಾಕಿದಳು. ಸಂಜೆಯೊಳಗೆ ಊರೆಲ್ಲ ನನ್ನನ್ನು ನೋಡಿತ್ತು. ನಾನು ಉಬ್ಬಿಹೋದೆ.

ಹಬ್ಬದ ಮರುದಿನ ಪುಟ್ಟಸಿದ್ದಮ್ಮ ಬಾಡಿದ ಹೂವಿನ ಬುಟ್ಟಿ ಹೊತ್ತು ತರಗತಿಗೇ ಬಂದಳು. ಹಬ್ಬದ ವ್ಯಾಪಾರದಲ್ಲೇ ಮುಂದಿನ ಎರಡು ತಿಂಗಳು ಆಕೆಯ ಮನೆ ನಡೆಯಬೇಕು. ಈ ಸಲ ಒಬ್ಬರೂ ಕೊಂಡಿರಲಿಲ್ಲ.

"ಬೆಲೆ ಏರಿಸಬಹುದಿತ್ತಲ್ವಾ ಅಮ್ಮ?" ಎಂದರು ಮೇಡಂ.

"ಮೂವತ್ತು ಅಂದ್ರೆ ಹೂವೇ ಬ್ಯಾಡ ಅಂತ ಎದ್ದು ಹೋಗ್ತಾರೆ ಮೇಡಮ್ಮೋರೆ. ಅದಕ್ಕೇ ಮೊಳ ಒಸಿ ಗಿಡ್ಡ ಮಾಡ್ತೀವಿ. ಕೊಳ್ಳೋರಿಗೂ ಗೊತ್ತಿರ್ತದೆ." ಆಕೆ ತನುಜಾಳ ಕಡೆ ತಿರುಗಿದಳು. "ಆಷಾಢದಲ್ಲಿ ಮದ್ವೆ ಇಲ್ಲ, ಮುಂಜಿ ಇಲ್ಲ, ಹೂವ ಕೇಳೋರೇ ಇಲ್ಲ. ಆಗ ಇದೇ ಇಪ್ಪತ್ತಕ್ಕೆ ಒಂದೂವರೆ ಮೊಳ ಕೊಟ್ಟೆ. ನೀನೂ ಮುಡ್ಕಂಡು ಹೋದೆ ಮಗಾ. ಅವತ್ತು ಯಾಕೆ ಅಳೀಲಿಲ್ಲ?"

ತನುಜಾ ಅಳುತ್ತ, "ತಪ್ಪಾಯ್ತಮ್ಮ" ಎಂದಳು. ನನಗೂ ನಾಚಿಕೆಯಾಯಿತು. ಅವಳು ಕ್ಷಮೆ ಕೇಳಿ ವಾಟ್ಸಾಪಿನಲ್ಲಿ ಬರೆದಳು, ಆದರೆ ಅದನ್ನು ಓದಿದವರು ಕಡಿಮೆ. ಆಮೇಲೆ ವರ್ಷವಿಡೀ ಪ್ರತಿ ಶುಕ್ರವಾರ ಹೋಗಿ ಅಳೆದಳು. ಒಮ್ಮೆ ಮೂವತ್ತು, ಒಮ್ಮೆ ಅರವತ್ತೆಂಟು. ಸರಾಸರಿ ನಲವತ್ತಾರು ಬಂತು. ಮೇಡಂ ಈಗಲೂ ಆ ಏರಿಳಿತದ ಗೆರೆಯನ್ನೇ ಬೋರ್ಡಿನ ಮೇಲೆ ಎಳೆದು ಪಾಠ ಮಾಡುತ್ತಾರೆ.

ಸ್ಮಾರ್ಟ್ ಬೋರ್ಡ್ ಬಂದ ಮೇಲೆ ನಾನು ಬೀರುವಿನ ಹಿಂದೆ ತುಕ್ಕು ಹಿಡಿಯುತ್ತ ನಿಂತಿದ್ದೇನೆ. ನಾನು ತೋರಿಸಿದ ಮೂವತ್ತೊಂದರಲ್ಲಿ ಒಂದು ಗೀರೂ ಸುಳ್ಳಿರಲಿಲ್ಲ. ಆದರೂ ಅದು ಅನ್ಯಾಯವೇ.

ಮರುವರ್ಷದ ಹಬ್ಬಕ್ಕೆ ಪುಟ್ಟಸಿದ್ದಮ್ಮ ಅರ್ಧ ಬುಟ್ಟಿ ಹೂವನ್ನಷ್ಟೇ ತಂದಿದ್ದಳು. ಪೂರ್ತಿ ತುಂಬಲು ಆಕೆಗೆ ಧೈರ್ಯ ಬರಲಿಲ್ಲ.