ಗಟ್ಟಿ ಓದಿಗೆ ಐದು ಅಂಕ

“ಸೊಗಸಾಗಿ ಓದಿದೆ. ಕೊನೇ ಸಾಲಲ್ಲಿ ದನಿ ಇಳಿಸಿದೆಯಲ್ಲ, ಅದೇ ಬೇಕಿತ್ತು. ಐದಕ್ಕೆ ಐದು,” ಎಂದರು ಮೇಷ್ಟ್ರು.

ಮೂರನೇ ಬೆಂಚಿನ ಹುಡುಗಿ ಪುಸ್ತಕ ಮುಚ್ಚಿ ಕೂತಳು. ಹಿಂದಿನ ಸಾಲಿನವರ ಭುಜಗಳು ಕುಲುಕುತ್ತಿದ್ದವು. ಈ ವಯಸ್ಸಿಗೆ ಎಲ್ಲಕ್ಕೂ ನಗು ಬರುತ್ತದೆ ಎಂದುಕೊಂಡು ಮೇಷ್ಟ್ರು ಗೋಡೆಯ ಮೇಲಿನ ದೊಡ್ಡ ಪರದೆಯ ಕಡೆ ತಿರುಗಿದರು. ಸತ್ತ ತಾಯಿಯ ಬಟ್ಟೆಗಳನ್ನು ಮಡಚುತ್ತ ಕೂತ ಮಗಳ ಪದ್ಯ ಅದು. ‘ಕೊನೆಗೆ ಅವಳು ಅಮ್ಮನನ್ನು ಕೂಗುವುದು ಯಾಕೆ?’ ಎಂದು ಯಾರೋ ಟೈಪ್ ಮಾಡಿದ್ದರು. ಕೆಳಗೆ ಒಂದರ ಹಿಂದೊಂದು ಉತ್ತರ ಇಳಿಯುತ್ತಿತ್ತು. ಒಂದನ್ನೂ ಬಿಡದೆ ಓದಿ, ಕೆಲವನ್ನು ಮೆಚ್ಚಿ, ಕೆಲವಕ್ಕೆ ಗದರಿ, ಮೇಷ್ಟ್ರು ಗಂಟೆ ಮುಗಿಸಿದರು.

ಮೂರು ವರ್ಷದ ಹಿಂದೆ ಕಾಲೇಜಿಗೆ ಈ ಆನ್‌ಲೈನ್ ಚರ್ಚೆ ಬಂದಾಗ ಎಲ್ಲರಿಗಿಂತ ಹೆಚ್ಚು ಕೂಗಾಡಿದವರು ಇವರೇ. “ಪದ್ಯ ಕಿವಿಗೆ ಬೀಳಬೇಕು ಸಾರ್, ಬೆರಳಲ್ಲಿ ಒತ್ತೋದಲ್ಲ,” ಎಂದು ಪ್ರಾಂಶುಪಾಲರ ಮುಖಕ್ಕೇ ಹೇಳಿದ್ದರು. ಆಮೇಲೆ ಕಿವಿಯೇ ಕೈಕೊಟ್ಟಿತು. ಮೊದಲು ಎಡಗಡೆಯದು, ಆರು ತಿಂಗಳಲ್ಲಿ ಬಲಗಡೆಯದು. ‘ನರವೇ ಹೋಗಿದೆ, ಮಶೀನು ಹಾಕಿಯೂ ಪ್ರಯೋಜನವಿಲ್ಲ’ ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟರು. ಕೈ ನಡುಗುತ್ತದೆ ಎಂಬ ಒಂದೇ ಕಾರಣಕ್ಕೆ ಕೆಮಿಸ್ಟ್ರಿಯವರನ್ನು ತಿಂಗಳೊಳಗೆ ಮನೆಗೆ ಕಳಿಸಿದ ಕಾಲೇಜು ಅದು. ಇವರ ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ಮೇಷ್ಟ್ರು ಹೆಂಡತಿಯೊಬ್ಬಳನ್ನು ಬಿಟ್ಟು ಇನ್ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಆಮೇಲೆ ಪಾಠವೆಲ್ಲ ಪರದೆಗೆ ಏರಿತು. ಏನು ಕೇಳುವುದಿದ್ದರೂ ಟೈಪ್ ಮಾಡಬೇಕು. ಬಾಯಿ ತೆರೆದು ಕೇಳಿದವರತ್ತ ಅವರು ತಿರುಗಿಯೂ ನೋಡುತ್ತಿರಲಿಲ್ಲ. ವಿದ್ಯಾರ್ಥಿಗಳು ‘ಪರದೆ ಮೇಷ್ಟ್ರು’ ಎಂದು ಹೆಸರಿಟ್ಟರು. ಪ್ರಾಂಶುಪಾಲರಿಗಂತೂ ಖುಷಿಯೋ ಖುಷಿ. “ಈ ವಯಸ್ಸಲ್ಲಿ ಇವ್ರು ಕಲ್ತಿಲ್ವಾ, ನಿಮಗೇನು ಧಾಡಿ?” ಎಂದು ಉಳಿದವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಕಾಡುತ್ತಿದ್ದದ್ದು ಒಂದೇ, ಗಟ್ಟಿ ಓದು. ಅದಕ್ಕೆ ಐದು ಅಂಕ, ಅದನ್ನು ಟೈಪ್ ಮಾಡಿಸುವಂತಿಲ್ಲ. ಪುಣ್ಯಕ್ಕೆ ಪದ್ಯಗಳೆಲ್ಲ ಮೇಷ್ಟ್ರಿಗೆ ಬಾಯಿಪಾಠ. ತುಟಿ ನೋಡಿಕೊಂಡೇ ಹೇಗೋ ನಿಭಾಯಿಸುತ್ತಿದ್ದರು.

ಅಂದು ಸಂಜೆ ತರಗತಿಯ ಚರ್ಚಾಪುಟಕ್ಕೆ ಒಂದು ವಿಡಿಯೋ ಬಂತು. ಹುಡುಗಿ ನಿಂತು ಓದುತ್ತಿದ್ದಾಳೆ, ಮೇಷ್ಟ್ರು ತಲೆದೂಗಿ ಮೆಚ್ಚುತ್ತಿದ್ದಾರೆ. ಪಕ್ಕದಲ್ಲಿದ್ದವರು ಯಾರೋ ಹಿಡಿದದ್ದು. ಕೆಳಗೆ ‘ಎಂಥಾ ಓದು!’, ‘ಮೇಷ್ಟ್ರಿಗೆ ಜೈ’ ಎಂದು ಸಾಲುಸಾಲು. ಇಷ್ಟು ವರ್ಷಗಳಲ್ಲಿ ಯಾರೂ ತಮ್ಮ ಪಾಠವನ್ನು ಹೀಗೆ ಹಿಡಿದಿಟ್ಟುಕೊಂಡಿರಲಿಲ್ಲ. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಬಸ್ಸಿನಲ್ಲೇ ಕೂತು ಅದನ್ನು ಪ್ರಾಂಶುಪಾಲರಿಗೆ ಕಳಿಸಿದರು. ‘ನಮ್ಮ ತರಗತಿಯ ಗಟ್ಟಿ ಓದು. ಬಿಡುವಾದಾಗ ನೋಡಿ.’

ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಹೆಂಡತಿಯನ್ನು ಕರೆದರು. ಆಕೆ ಹೊಲಿಗೆ ಮಶೀನು ನಿಲ್ಲಿಸಿ ಎದ್ದು ಬಂದಳು.

“ನೋಡೇ, ಮಕ್ಕಳು ಹಾಕಿದಾರೆ. ನಾನೇ ಸುಮ್‌ಸುಮ್ನೆ ಬೈತಿರ್ತೀನಿ ಅವನ್ನ.”

ಹುಡುಗಿಯ ತುಟಿ ಆಡುತ್ತಿತ್ತು. ಫೋನಿನಿಂದ ಬಂದದ್ದು ಫ್ಯಾನಿನ ಗರಗರ, ಯಾರೋ ಅದುಮಿಟ್ಟ ನಗು. ಸದ್ದು ಕಡಿಮೆಯಿದೆಯೇನೋ ಎಂದು ಆಕೆ ಏರಿಸಿದಳು. ಫ್ಯಾನು ಜೋರಾಯಿತು, ಅಷ್ಟೆ. ಕೊನೆಗೆ ಗಂಡನ ದನಿ ಮಾತ್ರ ಕೋಣೆಯೆಲ್ಲ ತುಂಬುವಂತೆ ಬಂತು, ‘ಸೊಗಸಾಗಿ ಓದಿದೆ.’

“ಹೇಗಿದೆ ಅವಳ ದನಿ? ಮೊದಲ ವರ್ಷ ತಿದ್ದಿ ತಿದ್ದಿ ಸಾಕಾಗಿತ್ತು ನಂಗೆ.”

ಚೆನ್ನಾಗಿದೆ ಎಂದು ತಲೆಯಾಡಿಸಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆಕೆ ಆಡಿಸುವುದರಲ್ಲೇ ಇದ್ದಳು.

“ಪ್ರಾಂಶುಪಾಲರಿಗೂ ಕಳಿಸ್ದೆ,” ಎಂದರು ಮೇಷ್ಟ್ರು.

ಆಕೆ ಬಟ್ಟೆಯ ಅಳತೆ ಬರೆಯುವ ನೋಟ್‌ಬುಕ್ಕು ಎಳೆದುಕೊಂಡಳು. ಆಕೆ ಹೇಳುವುದೆಲ್ಲ ಈಗ ಅದರಲ್ಲೇ. ‘ಅವಳು ಓದೇ ಇಲ್ಲ ಕಣ್ರೀ. ಬರೀ ತುಟಿ ಆಡಿಸಿದಾಳೆ.’

ಮೇಷ್ಟ್ರು ಓದಿದರು. ಇನ್ನೊಮ್ಮೆ ಓದಿದರು. ಚಪ್ಪಲಿ ಕಾಲಲ್ಲೇ ಇದ್ದಂತೆ ಆಕೆಯ ಸ್ಟೂಲಿನ ಮೇಲೆ ಕೂತರು.

“ಎಲ್ರಿಗೂ ಗೊತ್ತಿತ್ತಾ?”

ಆಕೆಗೆ ಆ ಹುಡುಗಿಯನ್ನು ಎಳೆದು ತಂದು ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು.

ಮೇಷ್ಟ್ರು ಫೋನನ್ನು ಹೊಲಿಗೆ ಮಶೀನಿಗೆ ಒರಗಿಸಿಟ್ಟು ವಿಡಿಯೋವನ್ನು ಮತ್ತೆ ಹಾಕಿದರು. ಹುಡುಗಿಯ ಬಾಯನ್ನೇ ನೋಡಿದರು.

“ಒಂದಕ್ಷರ ತಪ್ಪಿಲ್ಲ ಕಣೇ,” ಎಂದರು. “ಪೂರ್ತಿ ಕಲ್ತುಕೊಂಡೇ ಬಂದಿದಾಳೆ.”

ಆಮೇಲೆ ಕಣ್ಣು ಮುಚ್ಚಿ ಪದ್ಯವನ್ನು ಮೊದಲಿಂದ ತಾವೇ ಹೇಳತೊಡಗಿದರು. ಪದ್ಯದ ಮಗಳು ಬೀರು ತೆರೆದಳು. ಒಂದೊಂದಾಗಿ ಬಟ್ಟೆ ಮಡಚಿದಳು. ಫೋನು ಕುಂಯ್ ಎಂದಿತು. ಹೆಂಡತಿ ಬಗ್ಗಿ ನೋಡಿದಳು, ಪ್ರಾಂಶುಪಾಲರದು. ‘ನೋಡಿದೆ. ನಾಳೆ ಹತ್ತಕ್ಕೆ ನನ್ನ ಕೋಣೆಗೆ ಬನ್ನಿ.’ ಫೋನನ್ನು ಸದ್ದಾಗದಂತೆ ಕವುಚಿಟ್ಟಳು. ಸದ್ದಾಗಿದ್ದರೂ ಅವರಿಗೇನು ತಿಳಿಯುತ್ತಿತ್ತು?

ಕೊನೆಯ ಸಾಲು ಬಂತು. ತರಗತಿಯಲ್ಲಿ ಮಾಡುವಂತೆ ಮೇಷ್ಟ್ರು, ದನಿ ಇಳಿಸಬೇಕು ಎಂದು ತೋರಿಸುತ್ತ ಅಂಗೈಯನ್ನು ಮೆಲ್ಲಗೆ ಕೆಳಕ್ಕೆ ತಂದರು. ‘ಅಮ್ಮಾ’ ಎಂಬ ಆ ಕೂಗಿಗೆ ಎದುರುಮನೆಯ ಕಿಟಕಿ ತೆರೆಯಿತು.